ಅಪ್‌ಡೇಟ್: ಕರಿಯನಿಗೆ ಒಣ ಆಹಾರವೋ, ಹಸಿ ಆಹಾರವೋ?

ನಮ್ಮ ಗಂಡು ಬೆಕ್ಕು ಕರಿಯನಿಗೆ ಒಣ ಆಹಾರವೇ ಸಾಕೇ, ಪೊಟ್ಟಣದ ಹಸಿ ಆಹಾರವೂ ಬೇಕೇ ಎಂದು ಹೋದ ತಿಂಗಳು ಕೇಳಿದ್ದೆ. ಪಶುವೈದ್ಯರು ಮೊದಲು ವಿಚಾರಿಸಿದ್ದು ನೀರಿನ ಲೆಕ್ಕ. ಒಣ ಆಹಾರದಲ್ಲಿ ತೇವಾಂಶ ಶೇ. 10ರ ಆಸುಪಾಸು, ಹಸಿಯದರಲ್ಲಿ ಶೇ. 75ಕ್ಕೂ ಹೆಚ್ಚು. ಇವನೋ ಬಟ್ಟಲಿನ ನೀರನ್ನು ಮೂಸಿ ಹೊರಟುಬಿಡುವ ಮಹಾಶಯ! ಗಂಡು ಬೆಕ್ಕಿನ ಮೂತ್ರನಾಳ ಕಿರಿದು, ಕಟ್ಟಿಕೊಂಡರೆ ಜೀವಕ್ಕೇ ಅಪಾಯ ಎಂದರು. ಈಗ ಬೆಳಿಗ್ಗೆ, ರಾತ್ರಿ ಹಸಿ ಆಹಾರಕ್ಕೆ ಎರಡು ಚಮಚ ಬೆಚ್ಚಗಿನ ನೀರು ಬೆರೆಸಿ ಕೊಡುತ್ತೇನೆ. ನಾನು ಕಚೇರಿಯಲ್ಲಿರುವಾಗ ಅಳೆದಿಟ್ಟ ಒಣ ಆಹಾರ. ಮೊದಲ ಮೂರು ದಿನ ರಸ ಮಾತ್ರ ನೆಕ್ಕಿ, ತುಂಡುಗಳನ್ನು ನೆಲದ ಮೇಲೆ ಸಾಲಾಗಿ ಬಿಟ್ಟಿದ್ದ. ಈಗ ನೀರು ಹೆಚ್ಚು ಒಳಹೋಗಿ, ಮರಳಿನ ತಟ್ಟೆಯಲ್ಲಿ ಮೂತ್ರ ತಾಗಿ ಕಟ್ಟುವ ಮರಳಿನ ಉಂಡೆಗಳು ದೊಡ್ಡವಾಗಿವೆ. ತಿಂಗಳ ಖರ್ಚೂ ಹಾಗೆಯೇ.