1971ರ ನಂತರ ಸಮುದ್ರ ಕಾಳಗವೇ ಇಲ್ಲ, ನೌಕಾಪಡೆಗೆ ತುಕ್ಕು ಹಿಡಿಯುವುದಿಲ್ಲವೇ?

ಪ್ರಶ್ನೆ (ಬೋಟ್ ಮಾಲಕರು, ಬೈತಖೋಲ): ನಮಸ್ಕಾರ ಸರ್. ಮಳೆಗಾಲದ ನಿಷೇಧದ 61 ದಿನ ಬೋಟು ಸುಮ್ಮನೆ ನಿಂತರೆ ಸಾಕು, ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳೋ ಚಕ್ರ) ಬಾಗಿದಲ್ಲೇ ಗಟ್ಟಿಯಾಗಿರ್ತದೆ. ಹುಡುಗರಿಗೂ ಬಲೆ ಎಳೆಯೋ ಹದ ಸಿಗಲಿಕ್ಕೆ ಮತ್ತೆ ನಾಲ್ಕು ದಿನ ಬೇಕು. ನೌಕಾಪಡೆ ದೊಡ್ಡ ಕಾಳಗ ಮಾಡಿದ್ದು 1971ರಲ್ಲಿ, ಆಗಿನವರೆಲ್ಲ ನಿವೃತ್ತರಾದ್ರು. ಇಷ್ಟು ವರ್ಷದ ಶಾಂತಿಯಲ್ಲಿ ತಯಾರಿ ಸಡಿಲ ಆಗೋದಿಲ್ವಾ?

ಉತ್ತರ (ನಿವೃತ್ತ ಅಧಿಕಾರಿ, ಶಸ್ತ್ರ ವಿಭಾಗ): ಆಗ್ತದೆ. ಆದರೆ ಹಡಗು ನಡೆಸೋ ಕೈಯಲ್ಲಿ ಅಲ್ಲ. ಕಾರವಾರದ ಅರ್ಗಾ ನೌಕಾನೆಲೆಯಿಂದ ಹಡಗು ಹೋಗಿ ಬರೋದನ್ನ ನೀವೇ ನೋಡ್ತೀರಿ. ನಿಜವಾಗಿ ಸಿಡಿಸಿ ನೋಡದ ಆಯುಧದಲ್ಲಿ ದೋಷ ಅಡಗಿ ಕೂತಿರ್ತದೆ.

ಅಮೆರಿಕದ ಮಾರ್ಕ್ 14 ಟಾರ್ಪಿಡೊ ತಗೊಳ್ಳಿ, ನೀರೊಳಗೆ ಓಡಿ ಹಡಗನ್ನ ಸಿಡಿಸೋ ಆಯುಧ. ಒಂದಕ್ಕೆ ಸುಮಾರು 10,000 ಡಾಲರ್. ಖರ್ಚಿಗೆ ಹೆದರಿ ಶಾಂತಿಕಾಲದಲ್ಲಿ ಸ್ಫೋಟಕ ಇಲ್ಲದ ಅಭ್ಯಾಸದ ತಲೆ ಕಟ್ಟಿ ಹಾರಿಸಿ, ತೇಲಿದ್ದನ್ನ ಹೆಕ್ಕಿ ತರ್ತಿದ್ದರು. ಆ ತಲೆ ಹಗುರ, ಅಸಲಿ ಸಿಡಿತಲೆ ಭಾರ. ಎರಡನೇ ಮಹಾಯುದ್ಧದಲ್ಲಿ ಟಾರ್ಪಿಡೊ ಇಟ್ಟ ಆಳಕ್ಕಿಂತ 10 ಅಡಿಯಷ್ಟು ಕೆಳಗೆ ಓಡಿ ಶತ್ರು ಹಡಗಿನ ಅಡಿಯಲ್ಲೇ ದಾಟಿಹೋಯ್ತು. ಇದು ಖಚಿತವಾದದ್ದು 1942ರ ಜೂನ್‌ನಲ್ಲಿ, ಆಸ್ಟ್ರೇಲಿಯಾದ ಆಲ್ಬನಿಯಲ್ಲಿ. ಅದೂ ಹೇಗೆ? ನಿಮ್ಮಂಥ ಮೀನುಗಾರರ ಬಲೆಯನ್ನೇ ನೀರಲ್ಲಿ ಇಳಿಬಿಟ್ಟು, ಟಾರ್ಪಿಡೊ ಹರಿದ ತೂತು ಎಷ್ಟು ಆಳದಲ್ಲಿದೆ ಅಂತ ಅಳೆದು.

ಆಳ ಸರಿಮಾಡಿದ ಮೇಲೆ ಎರಡನೇ ದೋಷ ಕಂಡಿತು: ಕಾಂತೀಯ ಸಿಡಿಕೀಲು (ಹಡಗಿನ ಕಬ್ಬಿಣದ ಕಾಂತತ್ವ ಗುರುತಿಸಿ ಸಿಡಿಸೋ ಸಾಧನ) ಗುರಿ ಮುಟ್ಟೋ ಮೊದಲೇ ಸಿಡೀತಿತ್ತು. ಅದನ್ನ ಬಂದ್ ಮಾಡಿದರೆ ಮೂರನೆಯದು. 1943ರ ಜುಲೈಯಲ್ಲಿ ಟಿನೋಸಾ ಅನ್ನೋ ಸಬ್‌ಮರೀನ್ ಒಂದೇ ಹಡಗಿಗೆ 15 ಟಾರ್ಪಿಡೊ ಬಿಟ್ಟರೂ ಮುಳುಗಲಿಲ್ಲ. ಕೊನೆಯದೊಂದನ್ನ ಪರೀಕ್ಷೆಗೆ ಅಂತ ವಾಪಸ್ ತಂದರು. ಹವಾಯಿಯಲ್ಲಿ ಕ್ರೇನಿನಿಂದ 90 ಅಡಿ ಎತ್ತರದಿಂದ ಸಿಡಿತಲೆಗಳನ್ನ ಉಕ್ಕಿನ ತಟ್ಟೆ ಮೇಲೆ ಬೀಳಿಸಿ ನೋಡಿದಾಗ ಗೊತ್ತಾಯ್ತು: ನೇರ ಪೆಟ್ಟು ಬಿದ್ದರೆ ಸಿಡಿಮೊಳೆ (ಬಡಿದು ಸ್ಫೋಟ ಶುರುಮಾಡೋ ಮೊಳೆ) ಜಾರೋ ದಾರಿಯೇ ಜಜ್ಜಿಹೋಗಿ ಮೊಳೆ ಸಿಕ್ಕಿಬೀಳ್ತಿತ್ತು, ಓರೆ ಪೆಟ್ಟಿಗೆ ಸಿಡೀತಿತ್ತು. ನೋಡಿ, ಚೆನ್ನಾಗಿ ಗುರಿಯಿಟ್ಟವನಿಗೇ ನಷ್ಟ! ಒಂದು ದೋಷ ಇನ್ನೊಂದನ್ನ ಮುಚ್ಚಿಟ್ಟಿತ್ತು. ಅಮೆರಿಕ ಯುದ್ಧಕ್ಕೆ ಇಳಿದು ಎರಡು ವರ್ಷ ಹತ್ತಿರ ಬರೋವರೆಗೂ ಪೂರ್ತಿ ರಿಪೇರಿ ಆಗಲಿಲ್ಲ.

ಪ್ರಶ್ನೆ (ಎನ್‌ಸಿಸಿ ಕೆಡೆಟ್, ಶಿರಸಿ): ಸರ್, ಆಯುಧ ಸರಿ ಇದ್ದು ಜನರೇ ತಯಾರಿಲ್ಲದಿದ್ದರೆ?

ಉತ್ತರ: ಒಳ್ಳೆ ಪ್ರಶ್ನೆ ತಮ್ಮಾ. 1967ರ ಜುಲೈ 29ರಂದು ಅಮೆರಿಕದ ಫಾರೆಸ್ಟಲ್ ವಿಮಾನವಾಹಕ ಹಡಗಿನಲ್ಲಿ ಬೆಂಕಿ ಬಿತ್ತು. ತರಬೇತಾದ ಬೆಂಕಿ ತಂಡ ಮುಂದೆ ನುಗ್ಗಿತು, ಎರಡು ನಿಮಿಷದೊಳಗೆ ಬಾಂಬ್ ಸಿಡಿದು ಅವರಲ್ಲಿ ಹೆಚ್ಚಿನವರು ಹೋದರು. ಉಳಿದವರಿಗೆ ಧೈರ್ಯ ಇತ್ತು, ವಿದ್ಯೆ ಇರಲಿಲ್ಲ. ಒಬ್ಬರು ಬೆಂಕಿ ಆರಿಸಲು ಹಾಕಿದ ಫೋಮನ್ನ (ನೊರೆಯನ್ನ) ಇನ್ನೊಬ್ಬರು ನೀರು ಹೊಡೆದು ತೊಳೆದುಬಿಟ್ಟರು. ಸತ್ತವರು 134.

ಅದಕ್ಕೇ ಡ್ರಿಲ್ ಅಂದರೆ ಹೇಳಿದ ಹೊತ್ತಿಗೆ, ಹಗಲಲ್ಲಿ, ಎಲ್ಲ ಪಂಪು ಓಡ್ತಿರುವಾಗ ಮಾಡೋದಲ್ಲ. ರಾತ್ರಿ ಎರಡಕ್ಕೆ ಗಂಟೆ ಹೊಡೀಬೇಕು, ದೀಪ ಆರಿಸಬೇಕು, ಒಂದು ಪಂಪ್ ನಿಲ್ಲಿಸಬೇಕು. ತಂಡದ ನಾಯಕನ ಭುಜ ತಟ್ಟಿ "ನೀನು ಸತ್ತೆ" ಅಂತ ಬದಿಗೆ ಕೂರಿಸಬೇಕು. ಆಮೇಲೆ ಗಡಿಯಾರ ಹಿಡಿದು ನೋಡು: ಅಡುಗೆಯವನು ಹೋಸ್ ಹಿಡಿಯೋಕೆ ಎಷ್ಟು ಸೆಕೆಂಡ್ ತಗೊಂಡ?