ಸಹಾಯ ಬೇಕು: ಮಂಗಳೂರಿನಲ್ಲಿ ಆಪರೇಷನ್ ಆದವರಿಗೆ ಕೇರಳದ ಕಾರುಣ್ಯ ಕಾರ್ಡಿನಲ್ಲಿ ಮುಂದಿನ ಚಿಕಿತ್ಸೆ ಸಿಗುತ್ತದಾ?

ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದವರು. ಹೆದ್ದಾರಿ 66ರಲ್ಲಿ ನನ್ನ ತಮ್ಮನ ಬೈಕಿಗೆ ಕಾರು ಬಡಿದು ತೊಡೆಯ ಎಲುಬು ಮುರಿಯಿತು. ಆಂಬುಲೆನ್ಸಿನವರು ಮಂಗಳೂರಿಗೆ ಒಯ್ದರು. ಅಂಥ ಹೊತ್ತಿನಲ್ಲಿ ನಮ್ಮ ಕಡೆಯವರೆಲ್ಲ ಅಲ್ಲಿಗೇ ಓಡುವುದು, ಅಲ್ವಾ? ಕೇಂದ್ರದ 2025ರ ನಗದುರಹಿತ ಯೋಜನೆಯಲ್ಲಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದರಲ್ಲೇ ರಾಡ್ ಹಾಕಿದರು. ಜೀವ ಉಳಿಯಿತು, ಅದೇ ದೊಡ್ಡದು.

ಈಗ ಮೊಣಕಾಲಿಗೆ ಇನ್ನೊಂದು ಆಪರೇಷನ್ ಬೇಕಂತೆ. ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಅವನು ಆಟೋ ಓಡಿಸುವವನು, ಮನೆಯಲ್ಲಿ ದುಡಿಯುವುದು ಅವನೊಬ್ಬನೇ. ಕಾಲು ಮಡಚಲು ಬಾರದಿದ್ದರೆ ಏನು ಮಾಡುವುದು?

ನಮ್ಮಲ್ಲಿ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯದ್ದು. ಮಂಗಳೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆದುಕೊಳ್ಳಲಿಲ್ಲ. ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಕೇಳಿದರೆ, "ಮೊದಲು ಮಾಡಿದವರ ಹತ್ತಿರವೇ ಹೋಗಿ" ಅಂದರು. ಸಹಾಯವಾಣಿಯವರು ಮತ್ತೆ ಆಸ್ಪತ್ರೆಯಲ್ಲೇ ವಿಚಾರಿಸಿ ಅನ್ನುತ್ತಾರೆ.

ಮೊದಲ ಆಪರೇಷನ್ ಕರ್ನಾಟಕದಲ್ಲಿ ಆಗಿದ್ದರೂ, ಎರಡನೆಯದನ್ನು ಕೇರಳದ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿನಲ್ಲಿ ಈ ಕಾರ್ಡಿನಲ್ಲಿ ಮಾಡಿಸಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಮಂಗಳೂರಿನಿಂದ ಯಾವ ಯಾವ ಕಾಗದ ತರಬೇಕು? ಮನೆಗೆ ಬಂದ ಮೇಲಿನ ಫಿಸಿಯೋಥೆರಪಿಗೂ ಕಾರ್ಡ್ ನಡೆಯುತ್ತದಾ?