ಮಿಸ್ತ್ರಿಯವರನ್ನು ಕೇಳಿರಿ: ಹಳೆಯ ಕಾರಿಗೆ ಬದಲಿ ಎಂಜಿನ್

ವಿಜಯಪುರದ ಶಿಕ್ಷಕರು: ಮಿಸ್ತ್ರಿಯವರಿಗೆ ನಮಸ್ಕಾರ. ನನ್ನದು 1999ರ ಮಾರುತಿ 800, ಕಾರ್ಬುರೇಟರ್ ಗಾಡಿ. ಕಳೆದ ವಾರ ಸೊಲ್ಲಾಪುರದಿಂದ ಬರುವಾಗ ಝಳಕಿಯ ಹತ್ತಿರ ಎಂಜಿನ್ ಕಾವು ಏರಿ ನಿಂತಿತು. ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡಿದರೆ ಆಯಿಲ್ ಹಾಲು ಬೆರೆತ ಚಹಾದಂತಾಗಿದೆ. ಎಂಜಿನ್ನನ್ನೇ ಬದಲಿಸಬೇಕೆಂದು ಇಲ್ಲಿಯ ಗ್ಯಾರೇಜಿನವರು ಹೇಳುತ್ತಾರೆ. ಗುಜರಿಯಲ್ಲಿ ಓಮ್ನಿಯ ಎಂಜಿನ್ ಒಂದು ಅಗ್ಗಕ್ಕೆ ಸಿಗುತ್ತಿದ್ದು, ಸ್ವಲ್ಪ ಮುಂಗಡವನ್ನೂ ಕೊಟ್ಟಿದ್ದೇನೆ. ಆದರೆ ಅದರ ನಂಬರನ್ನು ಯಾರೋ ಉಜ್ಜಿದಂತೆ ಕಾಣುತ್ತದೆ. ತರಬಹುದೇ?

ಮಿಸ್ತ್ರಿ, ಉದ್ಯಮಬಾಗ್, ಬೆಳಗಾವಿ: ಗುರುಗಳೇ, ನಂಬರು ಉಜ್ಜಿದ ಎಂಜಿನ್ನನ್ನು ಪುಕ್ಕಟೆ ಕೊಟ್ಟರೂ ತರಬೇಡಿರಿ. ಅದು ಕದ್ದ ಗಾಡಿಯದಲ್ಲವೆಂದು ನೀವು ಯಾರ ಮುಂದೆಯೂ ತೋರಿಸಲಾರಿರಿ. ಎಂಜಿನ್ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಬೇಕು. ಹದಿನೈದು ವರ್ಷ ದಾಟಿದ ನಿಮ್ಮ ಗಾಡಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಹೋಗಲೇಬೇಕಾದದ್ದು. ಅಲ್ಲಿ ಬಾನೆಟ್ ಎತ್ತಿ ನಂಬರು ತಾಳೆ ನೋಡಿದಾಗ ಏನು ಹೇಳುತ್ತೀರಿ?

ಇನ್ನು ಓಮ್ನಿಯ ಮಾತು. ಎರಡೂ 796 ಸಿಸಿಯ ಮೂರು ಸಿಲಿಂಡರಿನ ಎಫ್8ಬಿ ಎಂಜಿನ್ನುಗಳೆಂಬುದು ನಿಜ. ಆದರೆ 800ರಲ್ಲಿ ಅದು ಅಡ್ಡ ಕುಳಿತು ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ, ಓಮ್ನಿಯಲ್ಲಿ ಸೀಟಿನ ಕೆಳಗೆ ಉದ್ದಕ್ಕೆ ಕುಳಿತು ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ. ಆದ್ದರಿಂದ ಎಂಜಿನ್ ಕೂಡಿಸುವ ಮೌಂಟಿಂಗ್, ಗಾಳಿ-ಹೊಗೆ ಸಾಗುವ ಮ್ಯಾನಿಫೋಲ್ಡ್ ಮುಂತಾದವನ್ನು ನಿಮ್ಮ ಎಂಜಿನ್ನಿನಿಂದಲೇ ಬಿಚ್ಚಿ ಹೊಂದಿಸಬೇಕಾಗುತ್ತದೆ, ಅಗ್ಗವೆಂದು ತಂದು ಉಳಿಸಿದ್ದು ಮಜೂರಿಗೇ ಹೋಗುತ್ತದೆ.

ನನಗೆ ಚಿಂತೆಯಾಗಿರುವುದು ಬೇರೆ. ಕಾವು ಏಕೆ ಏರಿತೆಂದು ಯಾರೂ ನೋಡಿದಂತಿಲ್ಲ. ನೀವು ರೇಡಿಯೇಟರಿಗೆ ಬೋರಿನ ನೀರು ಹಾಕುತ್ತಿದ್ದರೆ ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಚಕ್ಕೆಯೇ ಅದರ ಕೊಳವೆಗಳಲ್ಲಿಯೂ ಕಟ್ಟಿರುತ್ತದೆ, ಆ ರೇಡಿಯೇಟರಿನ ಹಿಂದೆ ಎಂಥ ಎಂಜಿನ್ ಕೂಡಿಸಿದರೂ ಮುಂದಿನ ಬೇಸಿಗೆಗೆ ಮತ್ತೆ ಸುಡುತ್ತದೆ. ಮೊದಲು ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸಿ, ಅದರ ಮೇಲೆ ನೇರ ಪಟ್ಟಿಯಿಟ್ಟು ಸಂದು ಅಳೆಯುವ ತೆಳು ತಗಡು (ಫೀಲರ್ ಗೇಜ್) ತೂರಿಸಿ ನೋಡಿಸಿರಿ. 0.05 ಮಿ.ಮೀ.ಗಿಂತ ಹೆಚ್ಚು ಸೊಟ್ಟಗಾಗಿದ್ದರೆ ಫೇಸಿಂಗ್ ಮಾಡಿಸಬೇಕು, ಎಂದರೆ ಮಷೀನಿನಲ್ಲಿ ಉಜ್ಜಿಸಿ ಸಮ ಮಾಡಿಸಬೇಕು. ಸಿಲಿಂಡರಿನ ಬೋರಿನಲ್ಲಿ (ಒಳಗೋಡೆಯಲ್ಲಿ) ಉಗುರಿಗೆ ತಾಗುವಂಥ ಗೀರುಗಳಿಲ್ಲದಿದ್ದರೆ ನಿಮ್ಮ ಬ್ಲಾಕೇ, ಎಂದರೆ ಎಂಜಿನ್ನಿನ ಒಡಲೇ, ಉಳಿಯುತ್ತದೆ, ಅದರ ಮೇಲಿನ ನಂಬರೂ ಉಳಿಯುತ್ತದೆ, ಆರ್‌ಟಿಒ ಕಚೇರಿಗೆ ಅಲೆಯುವುದೂ ತಪ್ಪುತ್ತದೆ. ಅಲ್ಲಿಯವರೆಗೆ ಗಾಡಿಯನ್ನು ಚಾಲೂ ಮಾಡಬೇಡಿರಿ. ನೀರು ಬೆರೆತ ಆಯಿಲ್‌ನಲ್ಲಿ ತಿರುಗಿದರೆ ಬೇರಿಂಗುಗಳು ಹೋಗುತ್ತವೆ.

ಇಳಕಲ್ಲಿನ ಸದಸ್ಯರು: ನನ್ನ 800ಕ್ಕೂ ಓಮ್ನಿ ಎಂಜಿನ್ ಕೂಡುತ್ತದೆಯೇ ಸರ್?

ಮಿಸ್ತ್ರಿ: ಮೇಲೆ ಬರೆದಿದ್ದೇನೆ.

ಬಾಗಲಕೋಟೆಯ ಸದಸ್ಯರು: ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿಗೆ ಡೀಸೆಲ್ ಎಂಜಿನ್ ಹಾಕಿಸುವ ವಿಚಾರವಿದೆ. ಗೇರ್ ಬಾಕ್ಸ್ ಅದೇ ನಡೆಯುತ್ತದೆಯೇ, ದಯವಿಟ್ಟು ತಿಳಿಸಿರಿ.

ಗೋಕಾಕದ ಸದಸ್ಯರು: ಬಂದ ಸಂದೇಶವನ್ನು ಹಾಗೆಯೇ ಕಳಿಸುತ್ತಿದ್ದೇನೆ: «ರೇಡಿಯೇಟರಿಗೆ ಎರಡು ಚಮಚ ಅರಿಶಿಣ ಪುಡಿ ಹಾಕಿರಿ, ಸೋರಿಕೆ ನಿಲ್ಲುತ್ತದೆ, ಎಂಜಿನ್ ತಂಪಾಗಿರುತ್ತದೆ. ಹತ್ತು ಜನರಿಗೆ ತಿಳಿಸಿರಿ.»

ಮಿಸ್ತ್ರಿ: ಯಾರಿಗೂ ತಿಳಿಸಬೇಡಿರಿ. ಸಣ್ಣ ತೂತನ್ನು ಮುಚ್ಚುವ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಎಂಬುದು ತಿಳಿಯುವುದಿಲ್ಲ. ಬೋರಿನ ನೀರಿನ ಚಕ್ಕೆಯಿಂದ ಮೊದಲೇ ಇಕ್ಕಟ್ಟಾದ ಕೊಳವೆ ಅರಿಶಿಣದಿಂದ ಪೂರ್ತಿ ಕಟ್ಟುತ್ತದೆ. ಅರಿಶಿಣ ಸಾರಿಗೆ ಇರಲಿ.

ಜಮಖಂಡಿಯ ಸದಸ್ಯರು: ನಾನು 800ಕ್ಕೆ ಓಮ್ನಿ ಎಂಜಿನ್ ಹಾಕಿಸಿ ಎಂಟು ವರ್ಷ ಓಡಿಸಿದ್ದೇನೆ, ಆರ್‌ಸಿ ತಿದ್ದಿಸಿಲ್ಲ, ಇದುವರೆಗೆ ಯಾರೂ ಕೇಳಿಲ್ಲ. ಮಿಸ್ತ್ರಿಯವರು ಸುಮ್ಮನೆ ಹೆದರಿಸುತ್ತಾರೆ.

ಚಿಕ್ಕೋಡಿಯ ಸದಸ್ಯರು: ಅಪಘಾತವಾದ ದಿನ ವಿಮೆಯವರು ಕೇಳುತ್ತಾರೆ. ಆಗಲೂ ಎಂಟು ವರ್ಷದ ಕಥೆಯನ್ನೇ ಹೇಳಿರಿ.

ಜಮಖಂಡಿಯ ಸದಸ್ಯರು: ನಿಮಗೆ ಗಾಡಿ ಇದೆಯೋ, ಬರೀ ಉಪದೇಶವಿದೆಯೋ?

ಚಿಕ್ಕೋಡಿಯ ಸದಸ್ಯರು: ಗಾಡಿಯೂ ಇದೆ, ಅದಕ್ಕೆ ಸರಿಯಾದ ಕಾಗದಪತ್ರವೂ ಇದೆ.

ಗೋಕಾಕದ ಸದಸ್ಯರು: ಅರಿಶಿಣದಿಂದ ನಮ್ಮ ಮಾವನವರ ಜೀಪಿನ ಸೋರಿಕೆ ನಿಂತದ್ದು ಸುಳ್ಳೇ?

ಮಿಸ್ತ್ರಿ: ನಿಂತಿರಬಹುದು. ಜೀಪು ಈಗ ಎಲ್ಲಿದೆ?

ಗೋಕಾಕದ ಸದಸ್ಯರು: ಅದನ್ನು ಮಾರಿದ್ದಾರೆ.

ರಬಕವಿಯ ಸದಸ್ಯರು: ಹೊಗೆ ಬಂದರೆ ದಪ್ಪ ಆಯಿಲ್ ಹಾಕಿದರೆ ಸಾಕಲ್ಲವೇ? ಎಂಜಿನ್ ಏಕೆ ಬದಲಿಸಬೇಕು?

ಮಿಸ್ತ್ರಿ: ಮಾರುವವನಿಗೆ ಸಾಕು, ಕೊಳ್ಳುವವನಿಗೆ ಸಾಲದು. ನೀಲಿ ಹೊಗೆ ಬಂದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ, ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೊಮ್ಮೆ ನೋಡಿಸಿರಿ. ಏರಿದರೆ ಪಿಸ್ಟನ್ನಿನ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವಿನ ಕಡೆ ನೋಡಿಸಿರಿ. ಗುಜರಿಯ ಎಂಜಿನ್ ಕೊಳ್ಳುವವರೂ ಇಷ್ಟನ್ನು ಅಲ್ಲಿಯೇ ಮಾಡಿಸಬೇಕು. ಒಪ್ಪದ ಗುಜರಿಯವನಿಂದ ಕೊಳ್ಳಬೇಡಿರಿ.

ವಿಜಯಪುರದ ಶಿಕ್ಷಕರು: ನೀವು ಹೇಳಿದಂತೆ ಮಾಡಿಸಿದೆ. ಎರಡು ಮತ್ತು ಮೂರನೆಯ ಸಿಲಿಂಡರಿನ ನಡುವೆ ಹೆಡ್ಡಿನ ಕೆಳಗಿನ ಹಾಳೆ (ಗ್ಯಾಸ್ಕೆಟ್) ಸುಟ್ಟಿದೆ, ಬೋರಿನಲ್ಲಿ ಗೀರಿಲ್ಲ. ರೇಡಿಯೇಟರಿನ ಕೆಳಗಿನ ಹೋಸ್ ಬಿಚ್ಚಿದಾಗ ಅಂಗೈ ತುಂಬ ಬಿಳಿಯ ಚಕ್ಕೆ ಬಿತ್ತು. ಹತ್ತು ವರ್ಷದಿಂದ ಮನೆಯ ಬೋರಿನ ನೀರನ್ನೇ ಹಾಕುತ್ತಿದ್ದೆ.

ಮಿಸ್ತ್ರಿ: ಹಾಗಾದರೆ ಎಂಜಿನ್ನಿನ ವಿಚಾರ ಬಿಡಿರಿ. ಹೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿರಿ, ಇಲ್ಲಿ ಫೇಸಿಂಗ್ ಮಾಡಿಸುತ್ತೇನೆ. ರೇಡಿಯೇಟರ್ ಹೊಸದನ್ನೇ ಹಾಕಿಸಿರಿ, ತೊಳೆಸಲು ಹೋಗಬೇಡಿರಿ. ಇನ್ನು ಮುಂದೆ ಕೂಲೆಂಟ್ ಮಾತ್ರ. ಗುಜರಿಯವನಿಂದ ಮುಂಗಡವನ್ನು ಇಂದೇ ಇಸಿದುಕೊಳ್ಳಿರಿ.

ಇಳಕಲ್ಲಿನ ಸದಸ್ಯರು: ಗುರುಗಳೇ, ಆ ಓಮ್ನಿ ಎಂಜಿನ್ ನಿಮಗೆ ಬೇಡವಾದರೆ ಗುಜರಿಯವರ ಫೋನ್ ನಂಬರು ಕೊಡುತ್ತೀರಾ?

ಮಿಸ್ತ್ರಿ: ಮೇಲೆ ಓದಿರಿ, ಓದಲು ಬಾರದಿದ್ದರೆ ಓದಿಸಿ ಕೇಳಿರಿ.

ಬಾಗಲಕೋಟೆಯ ಸದಸ್ಯರು: ಪದ್ಮಿನಿಯ ವಿಚಾರ ಯಾರೂ ಹೇಳಲಿಲ್ಲ.